ಬ್ಲೂ ಚೀಸ್‌ಗೆ ಸೂಜಿ ಯಾಕೆ ಚುಚ್ತಾರೆ?

ಬ್ಲೂ ಚೀಸ್ ತುಂಡು ಎಲ್ಲಾದ್ರೂ ಕೈಗೆ ಸಿಕ್ಕಿದ್ರೆ ಬಾಯಿಗೆ ಹಾಕೋ ಮುಂಚೆ ಅದರ ಕತ್ತರಿಸಿದ ಮೈನ ಒಂದ್ಸಲ ಸರಿಯಾಗಿ ನೋಡಿ. ನೀಲಿ-ಹಸಿರು ಚುಕ್ಕೆ ಇರುತ್ತೆ, ಅಡ್ಡಾದಿಡ್ಡಿ ಬಿರುಕು ಇರುತ್ತೆ, ಅದರ ಮಧ್ಯೆ ಒಂದೆರಡು ಗೆರೆ ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಇರುತ್ತೆ. ಬೂಷ್ಟು ಅದರ ಪಾಡಿಗೆ ಬೆಳೆದ್ರೆ ನೆಟ್ಟಗೆ ಬೆಳೆಯಲ್ಲ, ಮಳೆಗಾಲದಲ್ಲಿ ಬ್ರೆಡ್ ಮೇಲೆ ಬಂದಿದ್ದು ನೋಡಿದೀವಲ್ಲ, ದುಂಡಗೆ ಹರಡ್ಕೊಂಡು ಹೋಗುತ್ತೆ. ಮತ್ತೆ ಈ ನೆಟ್ಟನೆ ಗೆರೆ ಏನು? ಅದು ಸೂಜಿ ಹೋದ ದಾರಿ. ಯಾರೋ ಒಬ್ರು ಉದ್ದನೆ ಸೂಜಿ ತಗೊಂಡು ಆ ಚೀಸ್‌ಗೆ ಚುಚ್ಚಿದಾರೆ, ಆ ತೂತಲ್ಲಿ ಗಾಳಿ ಒಳಗೆ ಹೋಗಿದೆ, ಗಾಳಿ ಹಿಂದೆ ಬೂಷ್ಟು ಹೋಗಿದೆ.

ನನಗೆ ಇದು ಗೊತ್ತಾದ ಮೇಲೇನೇ ಬ್ಲೂ ಚೀಸ್ ಅರ್ಥ ಆಗೋಕೆ ಶುರುವಾಗಿದ್ದು. ಅದಕ್ಕೂ ಮುಂಚೆ ಎಲ್ಲರ ಥರ ನಾನೂ, ಏನೋ ಕೆಟ್ಟೋಗಿರೋ ಚೀಸ್‌ನ ಫಾರಿನ್ನವರು ಸ್ಟೈಲಾಗಿ ತಿಂತಾರೆ ಅಂದ್ಕೊಂಡಿದ್ದೆ. ಆದ್ರೆ ಕೆಟ್ಟು ಹೋಗೋದಕ್ಕೆ ಯಾರೂ ಸೂಜಿ ಚುಚ್ಚಿ ದಾರಿ ಮಾಡಿಕೊಡಲ್ಲ.

(ಶುರು ಮಾಡೋ ಮುಂಚೆ ಒಂದು ಸಣ್ಣ ತಕರಾರು: ಕೆಲವು ಡಿಕ್ಷನರಿಗಳಲ್ಲಿ ಚೀಸ್ ಅಂದ್ರೆ ಗಿಣ್ಣು ಅಂತ ಬರೆದಿರ್ತಾರೆ. ಗಿಣ್ಣು ಅಂದ್ರೆ ಹಸು ಕರು ಹಾಕಿದ ಹೊಸದರಲ್ಲಿ ಬರೋ ಹಾಲು, ಬೆಲ್ಲ ಏಲಕ್ಕಿ ಹಾಕಿ ಮಾಡ್ತೀವಲ್ಲ ಅದು. ಚೀಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಇಲ್ಲಿ ಚೀಸ್ ಅಂದ್ರೆ ಚೀಸೇ.)

ಈಗ ವಿಷಯಕ್ಕೆ ಬರೋಣ. ಹೆಸರುವಾಸಿ ಬ್ಲೂ ಚೀಸ್‌ಗಳ ಹೆಸರು ಕೇಳಿದ್ರೆ ತಲೆ ತಿರುಗುತ್ತೆ, ಫ್ರಾನ್ಸ್‌ದು ರಾಕ್‌ಫೋರ್, ಇಟಲಿದು ಗೊರ್ಗೊಂಜೋಲ, ಇಂಗ್ಲೆಂಡ್‌ದು ಸ್ಟಿಲ್ಟನ್, ಸ್ಪೇನ್‌ದು ಕಬ್ರಾಲೆಸ್, ಡೆನ್ಮಾರ್ಕ್‌ದು ದಾನಾಬ್ಲು, ಇನ್ನೂ ಎಷ್ಟೋ ಇದೆ. ಆದ್ರೆ ಇವೆಲ್ಲದರ ಒಳಗೆ ಇರೋ ಫಂಗಸ್ ಹೆಚ್ಚುಕಮ್ಮಿ ಒಂದೇ, ಪೆನಿಸಿಲಿಯಮ್ ರಾಕ್‌ಫೋರ್ಟಿ ಅಂತ. 1906ರಲ್ಲಿ ಅಮೆರಿಕಾದ ಚಾರ್ಲ್ಸ್ ಥಾಮ್ ಅನ್ನೋ ವಿಜ್ಞಾನಿ ಇದಕ್ಕೆ ಈ ಹೆಸರಿಟ್ರು, ಆದ್ರೆ ಜನ ಅದನ್ನ ತಿಂತಾ ಇದ್ದಿದ್ದು ಅದಕ್ಕಿಂತ ತುಂಬಾ ಹಿಂದಿನಿಂದ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಅನ್ನೋ ಕಡೆ ಹಳೇ ಉಪ್ಪಿನ ಗಣಿ ಇದೆ, ಅಲ್ಲಿ ಸುಮಾರು 2,700 ವರ್ಷದ ಹಿಂದೆ ಕೆಲಸ ಮಾಡ್ತಿದ್ದವರ ಮಲ ಉಪ್ಪಲ್ಲಿ ಒಣಗಿ ಹಾಗೇ ಉಳ್ಕೊಂಡಿತ್ತು, ಅದನ್ನ ಪರೀಕ್ಷೆ ಮಾಡಿದವರಿಗೆ 2021ರಲ್ಲಿ ಇದೇ ಫಂಗಸ್‌ನ ಡಿಎನ್‌ಎ ಸಿಕ್ಕಿತು, ಜೊತೆಗೆ ಬಿಯರ್‌ಗೆ ಹಾಕೋ ಯೀಸ್ಟ್‌ದೂ ಸಿಕ್ತು. ಚೀಸೂ ಬಿಯರೂ, ಗಣಿ ಕೆಲಸ ಮುಗಿಸಿ ಬಂದವರ ಊಟ ಚೆನ್ನಾಗೇ ಇತ್ತು ಅನ್ಸುತ್ತೆ.

ಫಂಗಸ್ ಒಂದೇ ಆದ್ರೆ ರಾಕ್‌ಫೋರ್ ನಾಲಿಗೆ ಚುರುಗುಟ್ಟಿಸೋದು, ಗೊರ್ಗೊಂಜೋಲ ಬೆಣ್ಣೆ ಥರ ಕರಗೋದು ಯಾಕೆ? ಹಾಲು ಯಾವುದು, ಉಪ್ಪು ಎಷ್ಟು, ಎಷ್ಟು ದಿನ ಇಟ್ರು ಇವೆಲ್ಲಾ ಇದೆ ಸರಿ, ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದು ಗಾಳಿ. ಯಾವಾಗ ಗಾಳಿ ಬಿಡ್ತಾರೆ, ಎಷ್ಟು ಬಿಡ್ತಾರೆ, ಯಾವಾಗ ನಿಲ್ಲಿಸ್ತಾರೆ ಅನ್ನೋದು.

ನಮ್ಮ ಮನೆ ಉಪ್ಪಿನಕಾಯಿ ಭರಣಿ ನೆನಪು ಮಾಡ್ಕೊಳ್ಳಿ. ಮೇಲ್ಗಡೆ ಎಣ್ಣೆ ತೇಲ್ತಾ ಇರ್ಬೇಕು, ಇಲ್ದಿದ್ರೆ ಬೂಷ್ಟು ಬರುತ್ತೆ ಅಂತ ಅಜ್ಜಿ ಹೇಳ್ತಿದ್ರಲ್ಲ, ಯಾಕಂದ್ರೆ ಎಣ್ಣೆ ಗಾಳಿನ ತಡೆಯುತ್ತೆ, ಗಾಳಿ ಇಲ್ಲದೆ ಬೂಷ್ಟು ಬೆಳೆಯಲ್ಲ. ಬ್ಲೂ ಚೀಸ್ ಮಾಡೋರು ಅದೇ ಲೆಕ್ಕವನ್ನ ಉಲ್ಟಾ ಮಾಡ್ತಾರೆ. ಹಾಲಿಗೆ ಹೆಪ್ಪು ಹಾಕ್ತಾರೆ, ಅಂದ್ರೆ ಹುಳಿ ಬರಿಸೋ ಬ್ಯಾಕ್ಟೀರಿಯಾ, ಆಮೇಲೆ ರೆನ್ನೆಟ್ ಅನ್ನೋ ಕಿಣ್ವ ಹಾಕಿ ಗಟ್ಟಿ ಮಾಡ್ತಾರೆ, ಈ ಹಂತದಲ್ಲೆಲ್ಲೋ ಫಂಗಸ್‌ನ ಬೀಜಕಣಗಳನ್ನೂ ಸೇರಿಸ್ತಾರೆ. ಗಟ್ಟಿಯಾದ್ದನ್ನ ಕತ್ತರಿಸಿ, ತಿಳಿ ನೀರು ಬಸಿದು, ದುಂಡನೆ ಅಚ್ಚಿಗೆ ತುಂಬ್ತಾರೆ. ಚೆಡ್ಡಾರ್ ಥರದ ಚೀಸ್ ಆಗಿದ್ರೆ ಇಲ್ಲಿ ಭಾರ ಇಟ್ಟು ಒತ್ತುತಾರೆ. ಬ್ಲೂ ಚೀಸ್‌ಗೆ ಒತ್ತಲ್ಲ. ತನ್ನ ಭಾರಕ್ಕೆ ತಾನೇ ಕೂತ್ಕೊಳ್ಳಲಿ ಅಂತ ಬಿಟ್ಟು ದಿನಾ ಮಗುಚಿ ಹಾಕ್ತಾರೆ ಅಷ್ಟೇ, ಯಾಕಂದ್ರೆ ತುಣುಕುಗಳ ಮಧ್ಯೆ ಸಣ್ಣ ಸಣ್ಣ ಸಂದು ಉಳೀಬೇಕು, ನಾಳೆ ಬೂಷ್ಟು ವಾಸ ಮಾಡೋದು ಆ ಸಂದಲ್ಲೇ. ಆಮೇಲೆ ಉಪ್ಪು ಸವರ್ತಾರೆ. ಉಪ್ಪಿಗೆ ಬೇರೆ ಸೂಕ್ಷ್ಮಜೀವಿಗಳಲ್ಲಿ ಎಷ್ಟೋ ಸೋತು ಹೋಗ್ತಾವೆ, ನಮ್ಮ ರಾಕ್‌ಫೋರ್ಟಿ ತಡ್ಕೊಳ್ಳುತ್ತೆ. ಕಮ್ಮಿ ಆಕ್ಸಿಜನ್ನೂ ತಡ್ಕೊಳ್ಳುತ್ತೆ, ಅದೇ ಅದರ ಸ್ಪೆಷಾಲಿಟಿ, ಬೇರೆ ಬೂಷ್ಟುಗಳಿಗೆ ಚೀಸ್ ಹೊಟ್ಟೆಯೊಳಗೆ ಉಸಿರು ಕಟ್ಟುತ್ತೆ, ಇದಕ್ಕೆ ಸೂಜಿ ತೂತಲ್ಲಿ ಬರೋ ಅಷ್ಟು ಗಾಳಿ ಸಾಕು. ಆದ್ರೆ ಅಷ್ಟಾದ್ರೂ ಬೇಕೇ ಬೇಕು, ಬೀಜಕಣ ಹಾಕಿಯೂ ಚುಚ್ಚದೇ ಇಟ್ರೆ ಒಳಗೆ ಬೆಳ್ಳಗೇ ಉಳ್ಕೊಳ್ಳುತ್ತೆ.

ಇನ್ನು ರುಚಿ. ಈ ಫಂಗಸ್ ಒಳಗೆ ಕೂತು ಎರಡು ಕೆಲಸ ಮಾಡುತ್ತೆ. ಒಂದು, ಪ್ರೋಟೀನ್ ಒಡೆಯುತ್ತೆ, ಅದಕ್ಕೇ ಚೀಸ್ ಮೆತ್ತಗಾಗಿ ಬೆಣ್ಣೆ ಹದಕ್ಕೆ ಬರೋದು. ಎರಡನೇದು ಕೊಬ್ಬು ಒಡೆಯೋದು, ಬ್ಲೂ ಚೀಸ್ ವಾಸನೆಯ ಗುಟ್ಟು ಇಲ್ಲಿದೆ. ಕೊಬ್ಬು ಒಡೆದಾಗ ಫ್ಯಾಟಿ ಆಸಿಡ್‌ಗಳು ಬಿಡುಗಡೆ ಆಗ್ತಾವೆ, ಬ್ಯುಟಿರಿಕ್ ಆಸಿಡ್ ಥರದ್ದು, ತುಂಬಾ ಹಳೇ ಬೆಣ್ಣೆ ತುಪ್ಪದಲ್ಲಿ ಬರೋ ಕಮಟು ಇದೇ ಗುಂಪಿನದು. ಇವು ಜಾಸ್ತಿ ಆದ್ರೆ ಫಂಗಸ್‌ಗೇ ವಿಷ, ಅದಕ್ಕೆ ಅದು ಅವುಗಳನ್ನ ಮೀಥೈಲ್ ಕೀಟೋನ್‌ಗಳಾಗಿ ಬದಲಾಯಿಸ್ಕೊಳ್ಳುತ್ತೆ, ಮುಖ್ಯವಾಗಿ 2-ಹೆಪ್ಟನೋನ್ ಮತ್ತೆ 2-ನೊನನೋನ್ ಅನ್ನೋ ಎರಡು. ಮೂಗಿಗೆ ಥಟ್ಟನೆ ಬಡಿಯೋ ಆ "ಬ್ಲೂ" ವಾಸನೆ ಇದೆಯಲ್ಲ, ಅದರಲ್ಲಿ ಮುಖ್ಯ ಪಾತ್ರ ಈ ಕೀಟೋನ್‌ಗಳದ್ದು. ಅಂದ್ರೆ ಫಂಗಸ್ ತನ್ನ ಪ್ರಾಣ ಉಳಿಸ್ಕೊಳ್ಳೋಕೆ ಮಾಡೋ ಕೆಲಸ ನಮಗೆ ರುಚಿ. ಹಾಲಲ್ಲಿ ಕೊಬ್ಬು ಎಷ್ಟು, ಯಾವ ಪ್ರಾಣಿದು ಅನ್ನೋದರ ಮೇಲೆ ಈ ಖಾರ ಬದಲಾಗುತ್ತೆ, ಕುರಿ ಹಾಲಲ್ಲಿ ಸುಮಾರು 7 ಪರ್ಸೆಂಟ್ ಕೊಬ್ಬು, ಹಸುವಿನ ಹಾಲಲ್ಲಿ 4ರ ಆಸುಪಾಸು, ಅಲ್ಲೇ ಅರ್ಧ ಲೆಕ್ಕ ಗೊತ್ತಾಗುತ್ತೆ.

ಕುರಿ ಹಾಲು ಅಂದ ತಕ್ಷಣ ರಾಕ್‌ಫೋರ್‌ಗೇ ಬರ್ಬೇಕು. ಫ್ರಾನ್ಸ್‌ನ ದಕ್ಷಿಣದಲ್ಲಿ ಅವೆರೋನ್ ಅಂತ ಜಿಲ್ಲೆ, ಅಲ್ಲಿ ರಾಕ್‌ಫೋರ್-ಸುರ್-ಸುಲ್ಜೋನ್ ಅನ್ನೋ ಪುಟ್ಟ ಊರು, ಊರ ಬೆನ್ನಿಗೆ ಕೊಂಬಲು ಅಂತ ಸುಣ್ಣಕಲ್ಲಿನ ಗುಡ್ಡ. ಆ ಗುಡ್ಡದ ಒಂದು ಭಾಗ ಯಾವುದೋ ಕಾಲದಲ್ಲಿ ಕುಸಿದು ಒಳಗೆಲ್ಲಾ ಗುಹೆ ಮತ್ತೆ ಉದ್ದುದ್ದ ಬಿರುಕು ಆಗಿದೆ. ಆ ಬಿರುಕುಗಳಿಗೆ ಅಲ್ಲಿಯವರು ಫ್ಲೂರಿನ್ ಅಂತಾರೆ. ಇವುಗಳ ಮೂಲಕ ತಂಪಾದ, ತೇವದ ಗಾಳಿ ವರ್ಷಪೂರ್ತಿ ಗುಹೆಯೊಳಗೆ ಓಡಾಡ್ತಾ ಇರುತ್ತೆ, ಹೊರಗಡೆ ಬೇಸಿಗೆ ಇರ್ಲಿ ಚಳಿ ಇರ್ಲಿ ಒಳಗೆ 10 ಡಿಗ್ರಿ ಆಸುಪಾಸು. ಯಾವ ಎಸಿನೂ ಬೇಡ, ಗುಡ್ಡನೇ ಉಸಿರಾಡುತ್ತೆ. ಕುರುಬನೊಬ್ಬ ಹುಡುಗಿ ಹಿಂದೆ ಹೋಗಿ ತನ್ನ ಬುತ್ತಿನ ಗುಹೇಲಿ ಮರೆತ, ಎಷ್ಟೋ ದಿನ ಆದ್ಮೇಲೆ ಬಂದು ನೋಡಿದ್ರೆ ಚೀಸ್ ನೀಲಿ ಆಗಿತ್ತು ಅಂತ ಒಂದು ಕಥೆ ಹೇಳ್ತಾರೆ. ಕಥೆ ಚೆನ್ನಾಗಿದೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ದಾಖಲೆ ಇರೋದು 1411ರದ್ದು, ಆ ವರ್ಷ ಫ್ರಾನ್ಸ್ ರಾಜ ಆರನೇ ಚಾರ್ಲ್ಸ್ ಈ ಚೀಸ್ ಮಾಗಿಸೋ ಹಕ್ಕನ್ನ ಆ ಊರಿನವರಿಗೆ ಮಾತ್ರ ಕೊಟ್ಟ. 1925ರಲ್ಲಿ ಕಾನೂನಿನ ರಕ್ಷಣೆನೂ ಬಂತು, ಫ್ರಾನ್ಸ್‌ನಲ್ಲಿ ಊರ ಹೆಸರಿನ ರಕ್ಷಣೆ ಸಿಕ್ಕ ಮೊದಲ ಚೀಸ್ ಇದು, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಟ್ಯಾಗ್ ಇದೆಯಲ್ಲ, ಆ ಥರದ್ದೇ.

ಹಾಲು ಲಕೋನ್ ಅನ್ನೋ ತಳಿ ಕುರಿದೇ ಆಗಿರ್ಬೇಕು, ಕಾಯಿಸದೇ ಇರೋ ಹಸಿ ಹಾಲೇ ಆಗಿರ್ಬೇಕು, ಆ ಊರಿನ ಗುಹೇಲೇ ಮಾಗಿಸ್ಬೇಕು, ಒಟ್ಟು ಕನಿಷ್ಠ 90 ದಿನ ಆಗ್ಬೇಕು. ಇದರಲ್ಲಿ ಮಜಾ ಏನಂದ್ರೆ ಗುಹೇಲಿ ಬರಿಮೈಯಲ್ಲಿ ಇರೋದು ಕನಿಷ್ಠ ಎರಡು ವಾರ, ನೀಲಿ ಸಾಕಷ್ಟು ಬಂತು ಅಂತ ಮಾಗಿಸೋನಿಗೆ ಅನ್ನಿಸಿದ ಕೂಡ್ಲೇ ತೆಳ್ಳನೆ ತವರದ ಹಾಳೆ ಸುತ್ತಿಬಿಡ್ತಾರೆ. ಗಾಳಿ ಬಂದ್! ಅಲ್ಲಿಂದ ಮುಂದೆ ಇನ್ನೂ ತಣ್ಣಗಿನ ಜಾಗದಲ್ಲಿ ಬೂಷ್ಟು ಹೊಸದಾಗಿ ಬೆಳೆಯೋದು ಹೆಚ್ಚುಕಮ್ಮಿ ನಿಂತು, ಈಗಾಗ್ಲೇ ಬಿಟ್ಟಿರೋ ಕಿಣ್ವಗಳು ಮಾತ್ರ ನಿಧಾನಕ್ಕೆ ಕೆಲಸ ಮಾಡ್ತಾ ಇರ್ತಾವೆ. ತಿಂದ್ರೆ ಮೊದಲು ಉಪ್ಪು ಹೊಡೆಯುತ್ತೆ, ಆಮೇಲೆ ಕುರಿ ಹಾಲಿನ ಒಂಥರಾ ಸಿಹಿ, ಕೊನೆಗೆ ನಾಲಿಗೆ ಅಂಚಲ್ಲಿ ಚುರುಚುರು. ಬಣ್ಣನೂ ಗಮನಿಸಿ, ಮೈ ಅಚ್ಚ ಬಿಳಿ ಇರುತ್ತೆ, ಹಸುವಿನ ಹಾಲಿಗೆ ಹಳದಿ ಕೊಡೋ ಕ್ಯಾರೊಟಿನ್ ಕುರಿ ಹಾಲಲ್ಲಿ ಇಲ್ಲದಷ್ಟೇ.

ಬೂಷ್ಟು ಬೆಳೆಸ್ತಿದ್ದಿದ್ದು ಹೇಗೆ ಅಂತ ಕೇಳಿ. ರೈ ಅನ್ನೋ ಧಾನ್ಯದ ದೊಡ್ಡ ಬ್ರೆಡ್ ಮಾಡಿ, ಗುಹೇಲಿಟ್ಟು, ವಾರಗಟ್ಟಲೆ ಬಿಟ್ಟು, ಒಳಗೆಲ್ಲಾ ಬೂಷ್ಟು ತುಂಬಿದ ಮೇಲೆ ಒಣಗಿಸಿ ಪುಡಿ ಮಾಡಿ ಹಾಲಿಗೋ ಗಟ್ಟಿಯಾದ ಹಾಲಿಗೋ ಸೇರಿಸೋರು. ಈಗ ಬಹುತೇಕ ಲ್ಯಾಬಲ್ಲಿ ಬೆಳೆಸಿದ್ದು ಬಳಸ್ತಾರೆ, ಬ್ರೆಡ್ ಪದ್ಧತಿ ಬಿಡದೇ ಇರೋರೂ ಇದಾರೆ. ಮುಂಚೆ ಫಂಗಸ್ "ಹೆಚ್ಚುಕಮ್ಮಿ" ಒಂದೇ ಅಂದೆನಲ್ಲ, ಆ ಹೆಚ್ಚುಕಮ್ಮಿ ಇಲ್ಲಿದೆ: 2020ರಲ್ಲಿ ಬಂದ ಒಂದು ಜೀನ್ ಅಧ್ಯಯನದ ಪ್ರಕಾರ ಚೀಸ್‌ನಲ್ಲಿ ಇರೋ ರಾಕ್‌ಫೋರ್ಟಿದು ಎರಡು ಮನೆತನ, ಒಂದು ರಾಕ್‌ಫೋರ್ ಊರಿಂದು, ಇನ್ನೊಂದು ಉಳಿದ ಎಲ್ಲಾ ಬ್ಲೂ ಚೀಸ್‌ಗಳದ್ದು. ರಾಕ್‌ಫೋರ್ ಮನೆತನ ಚೀಸ್ ಒಳಗೆ ನಿಧಾನಕ್ಕೆ ಬೆಳೆಯುತ್ತೆ, ಆದ್ರೆ ಬ್ರೆಡ್ ಮೇಲೆ ಹಾಕಿದ್ರೆ ಜಾಸ್ತಿ ಬೀಜಕಣ ಕೊಡುತ್ತೆ. ಶತಮಾನಗಳ ಕಾಲ ಬ್ರೆಡ್ ಮೇಲೆ ಬೆಳೆಸಿ ಬೆಳೆಸಿ, ಯಾವುದು ಬ್ರೆಡ್ಡಲ್ಲಿ ಚೆನ್ನಾಗಿ ಬಂತೋ ಅದನ್ನೇ ಮುಂದಿನ ಸಲಕ್ಕೆ ತಗೊಂಡ್ರೆ ಇನ್ನೇನಾಗುತ್ತೆ, ರೈತರು ಬಿತ್ತನೆ ಬೀಜ ಆರಿಸಿದ ಹಾಗೇ.

ಸೂಜಿ ಕಥೆಗೆ ಅವೆರೋನ್‌ನ ಉತ್ತರಕ್ಕೆ ಇರೋ ಓವೆರ್ನ್ಯ ಕಡೆ ಹೋಗ್ಬೇಕು. 1850ರ ದಶಕದಲ್ಲಿ ಅಲ್ಲಿ ಅಂಟ್ವಾನ್ ರುಸೆಲ್ ಅನ್ನೋರು, ತಮ್ಮ ಚೀಸ್‌ನಲ್ಲಿ ಅಲ್ಲೊಂದು ಇಲ್ಲೊಂದು ತಾನಾಗೇ ಬರ್ತಿದ್ದ ನೀಲಿ ರುಚಿಯಾಗಿದೆ ಅಂತ ಕಂಡ್ಕೊಂಡು, ಅದನ್ನ ಬೇಕಂತಲೇ ಬರಿಸೋಕೆ ಹೊರಟ್ರು. ಎಷ್ಟೋ ಸಲ ಕೈಕೊಟ್ಟು ಕೊನೆಗೆ ಅವರಿಗೆ ಹೊಳೆದಿದ್ದು ಎರಡು, ರೈ ಬ್ರೆಡ್ಡಿನ ಬೂಷ್ಟು ಮತ್ತೆ ಸೂಜಿ. ಬ್ಲೂ ದೋವೆರ್ನ್ಯ ಹುಟ್ಟಿದ್ದು ಹೀಗೆ. ಹಸುವಿನ ಹಾಲಿಂದು, ರಾಕ್‌ಫೋರ್‌ಗಿಂತ ಬೆಣ್ಣೆ ಬೆಣ್ಣೆಯಾಗಿ ಇರುತ್ತೆ. ಅದೇ ಸೀಮೆಯ ಫೂರ್ಮ್ ದಾಂಬೇರ್ ಇನ್ನೂ ಸೌಮ್ಯ, ಬ್ಲೂ ಚೀಸ್ ಅಂದ್ರೆ ಭಯ ಇರೋರು ಶುರು ಮಾಡೋಕೆ ಲಾಯಕ್ಕಾದ್ದು.

ಗೊರ್ಗೊಂಜೋಲ ಅನ್ನೋದು ಮಿಲಾನ್ ಹತ್ರದ ಊರಿನ ಹೆಸರು. ಆಲ್ಪ್ಸ್ ಬೆಟ್ಟದ ಹುಲ್ಲುಗಾವಲಿಂದ ಶರತ್ಕಾಲದಲ್ಲಿ ಹಸುಗಳನ್ನ ಬಯಲಿಗೆ ಹೊಡ್ಕೊಂಡು ಬರೋರು, ನಡೆದು ಸುಸ್ತಾದ ಹಸುಗಳ ಹಾಲಿನ ಚೀಸ್‌ಗೆ ಸ್ಟ್ರಾಕಿನೋ ಅಂತ ಹೆಸರು, ಅಲ್ಲಿನ ಆಡುಮಾತಲ್ಲಿ ಸ್ಟ್ರಾಕ್ ಅಂದ್ರೆ ಸುಸ್ತು. ಗೊರ್ಗೊಂಜೋಲ ಆ ವಂಶದ್ದು. ಹಳೇ ಪದ್ಧತಿ ನನಗೆ ತುಂಬಾ ಇಷ್ಟ ಆಯ್ತು: ಸಾಯಂಕಾಲ ಕರೆದ ಹಾಲಿನ ಗಟ್ಟಿ ರಾತ್ರಿಯೆಲ್ಲಾ ನೀರು ಬಸಿದು ತಣ್ಣಗಾಗಿರುತ್ತೆ, ಬೆಳಿಗ್ಗೆ ಕರೆದ ಹಾಲಿನ ಗಟ್ಟಿ ಇನ್ನೂ ಬಿಸಿ ಬಿಸಿ ಇರುತ್ತೆ, ಎರಡನ್ನೂ ಒಂದೇ ಅಚ್ಚಿಗೆ ಪದರ ಪದರವಾಗಿ ಹಾಕ್ತಿದ್ರು. ತಣ್ಣಗಿರೋದೂ ಬಿಸಿ ಇರೋದೂ ಒಂದಕ್ಕೊಂದು ಸರಿಯಾಗಿ ಅಂಟ್ಕೊಳ್ಳಲ್ಲ, ಮಧ್ಯೆ ಸಂದು ಉಳಿಯುತ್ತೆ, ಆ ಸಂದಲ್ಲಿ ನೀಲಿ ಬರುತ್ತೆ. ನೋಡಿ, ಮತ್ತೆ ಗಾಳಿನೇ. ಈಗ ಒಂದೇ ಹಾಲಿಂದ ಮಾಡಿ ಸೂಜಿ ಚುಚ್ತಾರೆ, ವ್ಯಾಪಾರದ ಕೇಂದ್ರ ಪಿಯೆಮಾಂಟೆ ಪ್ರಾಂತ್ಯದ ನೊವಾರಾ, ವರ್ಷಕ್ಕೆ 50 ಲಕ್ಷ ಅಚ್ಚಿನ ಲೆಕ್ಕದಲ್ಲಿ ತಯಾರಾಗುತ್ತೆ, ಒಂದೊಂದು ಅಚ್ಚು ಸುಮಾರು 12 ಕೆಜಿ. ಎರಡು ಥರ ಇದೆ, ದೋಲ್ಚೆ ಮತ್ತೆ ಪಿಕಾಂತೆ. ದೋಲ್ಚೆ ಅಂದ್ರೆ ಸಿಹಿ ಅಂತ ಅರ್ಥ, ಸಕ್ಕರೆ ಹಾಕಿರಲ್ಲ, ಸುಮಾರು 50 ದಿನಕ್ಕೇ ತಯಾರು, ಚಮಚದಲ್ಲಿ ತೆಗೀಬಹುದು ಅಷ್ಟು ಮೆತ್ತಗೆ. ಪಿಕಾಂತೆ 80 ದಿನಕ್ಕೂ ಮೇಲೆ, ಗಟ್ಟಿ, ಖಾರ, ನೀಲಿನೂ ಜಾಸ್ತಿ. ಪಿಜ್ಜಾ ಪಾಸ್ತಾ ಸಾಸ್‌ನಲ್ಲಿ ಗೊರ್ಗೊಂಜೋಲ ಅಂತ ತಿಂದು ಇಷ್ಟೇನಾ ಅಂದ್ಕೊಂಡವರು ಪಿಕಾಂತೆನ ಹಾಗೇ ತಿಂದು ನೋಡ್ಬೇಕು.

ಸ್ಟಿಲ್ಟನ್‌ದು ಬೇರೇನೇ ತಮಾಷೆ. ಸ್ಟಿಲ್ಟನ್ ಅನ್ನೋದು ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್ ಹಳ್ಳಿ, ಆದ್ರೆ ಆ ಹಳ್ಳೀಲಿ ಸ್ಟಿಲ್ಟನ್ ಚೀಸ್ ಮಾಡಿ ಆ ಹೆಸರಲ್ಲಿ ಮಾರೋ ಹಾಗಿಲ್ಲ! 1996ರ ರಕ್ಷಣೆ ಪ್ರಕಾರ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರು ಕೌಂಟಿಗಳಲ್ಲಿ ಮಾತ್ರ ಮಾಡ್ಬಹುದು. ಹಳ್ಳಿ ಇದ್ದಿದ್ದು ಲಂಡನ್‌ನಿಂದ ಉತ್ತರಕ್ಕೆ ಹೋಗೋ ಹೆದ್ದಾರೀಲಿ, ಕುದುರೆ ಗಾಡಿಗಳು ನಿಲ್ಲೋ ಜಾಗ, ಅಲ್ಲಿನ ಬೆಲ್ ಇನ್ ಅನ್ನೋ ಛತ್ರದಲ್ಲಿ ಪ್ರಯಾಣಿಕರಿಗೆ ಈ ಚೀಸ್ ಮಾರ್ತಿದ್ರು, ಹಾಗೆ ಮಾರಿದ ಊರಿನ ಹೆಸರೇ ಅಂಟ್ಕೊಂಡುಬಿಡ್ತು. ಇದರಲ್ಲೂ ಗಾಳಿ ಆಟ ನೋಡಿ: ಅಚ್ಚಿಂದ ತೆಗೆದ ಮೇಲೆ ಚೀಸ್‌ನ ಹೊರಮೈನ ಚಾಕುವಿಂದ ಗಾರೆ ಕೆಲಸದವರ ಥರ ಸವರಿ ಸವರಿ ಎಲ್ಲಾ ಬಿರುಕು ಮುಚ್ತಾರೆ, ಗಾಳಿ ಒಳಗೆ ಹೋಗ್ಬಾರ್ದು ಅಂತ. ಸುಮಾರು ಆರು ವಾರ ಹೀಗೆ ಮುಚ್ಚಿಟ್ಟು, ಒಳಗಿನ ಮೈ ಒಂದು ಹದಕ್ಕೆ ಬಂದ ಮೇಲೆ ಆಗ ಸೂಜಿ. ನೀಲಿ ತಡವಾಗಿ ಬರೋದ್ರಿಂದ ಅದರ ಆರ್ಭಟ ಕಮ್ಮಿ, ಅಕ್ರೋಟು ಥರದ ಒಂದು ರುಚಿ, ಪುಡಿಪುಡಿಯಾಗೋ ಗುಣ. ಕ್ರಿಸ್ಮಸ್ ಟೈಮಲ್ಲಿ ಪೋರ್ಟ್ ವೈನ್ ಜೊತೆ ತಿನ್ನೋದು ಅಲ್ಲಿನ ರೂಢಿ. ಈಗಿನ ಸ್ಟಿಲ್ಟನ್‌ಗೆ ಪಾಶ್ಚರೀಕರಿಸಿದ ಹಾಲೇ ಆಗ್ಬೇಕು. ಹಸಿ ಹಾಲಿಂದನೇ ಮಾಡ್ತೀವಿ ಅಂತ ಹಠ ಹಿಡಿದವರು 2006ರಲ್ಲಿ ಶುರು ಮಾಡಿದ ಚೀಸ್‌ಗೆ ಸ್ಟಿಲ್ಟನ್ ಅನ್ನೋ ಹಾಗಿಲ್ಲ, ಸ್ಟಿಚೆಲ್ಟನ್ ಅಂತ ಹೆಸರಿಟ್ಟುಕೊಂಡಿದಾರೆ.

ಸೂಜಿ ಇಲ್ಲದೇನೂ ಆಗುತ್ತೆ ಅನ್ನೋದಕ್ಕೆ ಸ್ಪೇನ್‌ನ ಕಬ್ರಾಲೆಸ್ ಇದೆ. ಉತ್ತರದ ಆಸ್ಟೂರಿಯಾಸ್, ಪೀಕೋಸ್ ದೆ ಯುರೋಪಾ ಬೆಟ್ಟಗಳು. ಹಸುವಿನ ಹಾಲು, ಕೆಲವೊಮ್ಮೆ ಮೇಕೆ ಮತ್ತೆ ಕುರಿ ಹಾಲೂ ಸೇರುತ್ತೆ. ಹಳೇ ಪದ್ಧತೀಲಿ ಬೀಜಕಣ ಬೆರೆಸಲ್ಲ, ಗುಹೆಯ ಗಾಳೀಲಿ ಇರೋದೇ ಹೊರಗಿಂದ ನಿಧಾನಕ್ಕೆ ಒಳಗೆ ಇಳಿಯುತ್ತೆ, ತಿಂಗಳುಗಟ್ಟಲೆ. ಖಾರ ಅಂದ್ರೆ ಖಾರ, ಮೊದಲ ಸಲದವರಿಗೆ ನಾನಂತೂ ಹೇಳಲ್ಲ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಸ್ಪರ್ಧೆ ಮಾಡಿ ಗೆದ್ದ ಚೀಸನ್ನ ಹರಾಜು ಹಾಕ್ತಾರೆ, 2023ರಲ್ಲಿ ಎರಡು ಕೆಜಿ ಚಿಲ್ಲರೆಯ ಒಂದು ಅಚ್ಚು 30,000 ಯೂರೋಗೆ ಹೋಯ್ತು.

ಉಳಿದವನ್ನ ಬೇಗ ಮುಗಿಸ್ತೀನಿ. ದಾನಾಬ್ಲು 20ನೇ ಶತಮಾನದ ಶುರುವಿನಲ್ಲಿ ಮಾರಿಯಸ್ ಬೋಯೆಲ್ ಅನ್ನೋರು ರಾಕ್‌ಫೋರ್‌ಗೆ ಪೈಪೋಟಿ ಕೊಡೋಕೆ ಹಸುವಿನ ಹಾಲಲ್ಲಿ ಮಾಡಿದ್ದು, ಉಪ್ಪು ಮುಂದೆ, ಉಳಿದಿದ್ದೆಲ್ಲಾ ಹಿಂದೆ, ಸಲಾಡ್ ಡ್ರೆಸ್ಸಿಂಗ್‌ಗೆ ಸರಿ. ಜರ್ಮನಿಯ ಕಾಂಬೊಜೋಲ ಹೆಸರಲ್ಲೇ ಗೊತ್ತಾಗುತ್ತೆ, ಕ್ಯಾಮೆಂಬರ್ಟ್ ಮತ್ತೆ ಗೊರ್ಗೊಂಜೋಲದ ಮಿಶ್ರಣ, 1970ರ ದಶಕದ್ದು, ಮೇಲೆ ಬಿಳಿ ಬೂಷ್ಟು ಒಳಗೆ ನೀಲಿ, ಮಗು ಥರ ಸೌಮ್ಯ. ಅಮೆರಿಕಾದಲ್ಲಿ 1941ರಲ್ಲಿ ಮೇಟ್ಯಾಗ್ ಬ್ಲೂ ಶುರುವಾಯ್ತು, ಶುರು ಮಾಡಿದ್ದು ಹೌದು ವಾಷಿಂಗ್ ಮೆಷೀನ್ ಮೇಟ್ಯಾಗ್ ಮನೆತನದವರೇ. 2019ರಲ್ಲಿ ಆರೆಗಾನ್‌ನ ರೋಗ್ ರಿವರ್ ಬ್ಲೂ ಇಟಲಿಯ ಬೆರ್ಗಾಮೊದಲ್ಲಿ ನಡೆದ ವಿಶ್ವ ಚೀಸ್ ಪ್ರಶಸ್ತಿ ಗೆದ್ದು, ಅದನ್ನ ಗೆದ್ದ ಮೊದಲ ಅಮೆರಿಕನ್ ಚೀಸ್ ಆಯ್ತು, ಅದನ್ನ ದ್ರಾಕ್ಷಿ ಎಲೇಲಿ ಸುತ್ತಿ ಇಡ್ತಾರೆ.

ತಿನ್ನೋರಿಗೆ ಒಂದಷ್ಟು. ಸಸ್ಯಾಹಾರಿಗಳು ಮೊದಲು ರೆನ್ನೆಟ್ ಯಾವುದು ನೋಡಿ, ರಾಕ್‌ಫೋರ್‌ಗೆ, ಗೊರ್ಗೊಂಜೋಲಕ್ಕೆ ಸಾಂಪ್ರದಾಯಿಕವಾಗಿ ಬಳಸೋದು ಎಳೇ ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನ್ನೆಟ್, ಸ್ಟಿಲ್ಟನ್‌ನಲ್ಲಿ ವೆಜ್ ರೆನ್ನೆಟ್‌ನದ್ದೂ ಸಿಗುತ್ತೆ, ನಮ್ಮಲ್ಲಿ ಮಾರೋ ಪ್ಯಾಕ್ ಮೇಲಿನ ಹಸಿರು ಚುಕ್ಕೆ ನೋಡ್ಕೊಂಡು ತಗೊಳ್ಳಿ. ಪೆನಿಸಿಲಿನ್ ಅಲರ್ಜಿ ಇರೋರು ಹೆಸರು ನೋಡಿ ಹೆದರ್ತಾರೆ, ಔಷಧಿ ಬರೋದು ಬೇರೆ ಜಾತಿ ಪೆನಿಸಿಲಿಯಮ್‌ನಿಂದ, ಆದ್ರೂ ಡಾಕ್ಟರ್‌ನ ಒಂದು ಮಾತು ಕೇಳಿ. ಗರ್ಭಿಣಿಯರಿಗೆ ಮೆತ್ತನೆ ಬ್ಲೂ ಚೀಸ್ ಬೇಡ ಅಂತಾರೆ, ಕಾರಣ ಬೂಷ್ಟಲ್ಲ, ತೇವ ಇರೋ ಮೆತ್ತನೆ ಚೀಸ್‌ಗಳಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಬೆಳೆಯೋ ಅಪಾಯ. ನಾಯಿಗೆ ಹಾಕ್ಲೇಬೇಡಿ, ಈ ಫಂಗಸ್ ಬಿಡೋ ರಾಕ್‌ಫೋರ್ಟಿನ್ ಅನ್ನೋದು ನಾಯಿಗಳಿಗೆ ಆಗಿಬರಲ್ಲ. ಇನ್ನೊಂದು, ಇಷ್ಟೆಲ್ಲಾ ಓದಿ ಫ್ರಿಜ್ಜಲ್ಲಿ ಬೂಷ್ಟು ಬಂದಿರೋ ಚೀಸ್ ಸ್ಲೈಸ್ ತಿನ್ನೋಕೆ ಹೋಗ್ಬೇಡಿ, ಅದು ಯಾವ ಬೂಷ್ಟೋ ಯಾರಿಗ್ಗೊತ್ತು, ಎಸೀರಿ. ಬ್ಲೂ ಚೀಸ್‌ನ ತಿನ್ನೋ ಅರ್ಧ ಗಂಟೆ ಮುಂಚೆ ಫ್ರಿಜ್‌ನಿಂದ ಆಚೆ ತೆಗೆದಿಡಿ, ತಣ್ಣಗಿದ್ರೆ ಬರೀ ಉಪ್ಪು ಗೊತ್ತಾಗುತ್ತೆ. ಜೇನು, ಪೇರ್, ಅಕ್ರೋಟು ಎಲ್ಲಾ ಅವರ ಕಡೆ ಜೊತೆಗಾರರು, ನನಗೆ ಕೇಳಿದ್ರೆ ಜೋನಿ ಬೆಲ್ಲ ಒಂದು ತೊಟ್ಟು ಹಾಕ್ಕೊಂಡು ನೋಡಿ, ಉಪ್ಪಿಗೂ ಖಾರಕ್ಕೂ ಅದು ಎಷ್ಟು ಚೆನ್ನಾಗಿ ಹೊಂದ್ಕೊಳ್ಳುತ್ತೆ ಅಂದ್ರೆ ಫ್ರಾನ್ಸ್‌ನವರಿಗೆ ಯಾರಾದ್ರೂ ಹೇಳ್ಬೇಕು.

ಕೊನೆಗೆ ನೀಲಿ ಬಣ್ಣದ ವಿಷಯ. ಫಂಗಸ್‌ನ ಎಳೆಗಳು ಬಿಳೀನೇ, ನೀಲಿ-ಹಸಿರು ಇರೋದು ಬೀಜಕಣದಲ್ಲಿ. 2024ರಲ್ಲಿ ನಾಟಿಂಗ್‌ಹ್ಯಾಮ್ ಯೂನಿವರ್ಸಿಟಿಯವರು ಆ ಬಣ್ಣ ಒಳಗೆ ಹಂತ ಹಂತವಾಗಿ ಹೇಗೆ ತಯಾರಾಗುತ್ತೆ ಅಂತ ಕಂಡುಹಿಡಿದು, ಒಂದೊಂದು ಹಂತದಲ್ಲಿ ಅದನ್ನ ತಡೆದು, ಬಿಳಿ, ಹಳದಿ-ಹಸಿರು, ಕೆಂಪು-ಕಂದು ಬಣ್ಣದ ರಾಕ್‌ಫೋರ್ಟಿ ತಳಿಗಳನ್ನ ಮಾಡಿದ್ರು. ಅದರಲ್ಲಿ ಚೀಸ್ ಮಾಡಿ ಜನಕ್ಕೆ ಕೊಟ್ರು. ತೆಳು ಬಣ್ಣದ್ದು ತಿಂದವರು ಇದು ಸೌಮ್ಯ ಅಂದ್ರು, ಗಾಢ ಬಣ್ಣದ್ದು ತಿಂದವರು ಇದು ಖಡಕ್ ಅಂದ್ರು, ಕೆಂಪು-ಕಂದು ತಿಂದವರಿಗೆ ಹಣ್ಣಿನ ಹುಳಿ ಸಿಕ್ತಂತೆ. ಲ್ಯಾಬ್ ಮೆಷೀನಿಗೆ ಹಾಕಿ ನೋಡಿದ್ರೆ ಎಲ್ಲದರ ರುಚಿನೂ ಹೆಚ್ಚುಕಮ್ಮಿ ಒಂದೇ ಇತ್ತು.